ದೊಡ್ಡ ಸ್ವಾಮಿಯವರ ಎರಡು ಲೆಕ್ಕಗಳು

ಹಾಸನದ ಸಮೀಪದಲ್ಲಿ ಸಾತಳ್ಳಿ ಎಂಬ ಊರಿದೆ. ಅಲ್ಲಿನ ಕಥೋಲಿಕ ರೈತ ಕುಟುಂಬಗಳು ಒಬ್ಬ ಫ್ರೆಂಚ್ ಗುರುವನ್ನು ದೊಡ್ಡ ಸ್ವಾಮಿಯೋರು ಎಂದು ತಲೆಮಾರುಗಳವರೆಗೆ ನೆನೆಯುತ್ತಿದ್ದವು. ಆ ಗುರುಗಳ ನಿಜವಾದ ಹೆಸರು ಝಾನ್ ಆಂತ್ವಾನ್ ದ್ಯುಬ್ವಾ. ವಿದ್ವಾಂಸರು ಅವರನ್ನು ಅಬೆ ದ್ಯುಬ್ವಾ ಎನ್ನುತ್ತಾರೆ. ನಮ್ಮ ಹಳಬರ ಬಾಯಲ್ಲಿ ಅದು ಅಬ್ಬೆ ದುಬಾಯ್ ಆಗಿದೆ. ಫ್ರೆಂಚ್ ಭಾಷೆಯ ಈ ಅಬೆ ಎಂಬುದು ತಂದೆ ಎಂಬ ಅರ್ಥದ ಅಬ್ಬಾ ಶಬ್ದದಿಂದ ಹುಟ್ಟಿದ್ದು. ನಮ್ಮ ಹಳಗನ್ನಡದಲ್ಲಿಯೋ ಅಬ್ಬೆ ಎಂದರೆ ತಾಯಿ. ಒಂದೇ ಬಿರುದಿನಲ್ಲಿ ತಂದೆಯೂ ತಾಯಿಯೂ ಕೂಡಿದ್ದು ಬರಿಯ ಶಬ್ದಗಳ ಆಕಸ್ಮಿಕವೆಂಬುದನ್ನು ನಾವು ಬಲ್ಲೆವು. ಆದರೂ ಈ ಗುರುಗಳ ಬಾಳನ್ನು ಓದುವಾಗ ಆ ಆಕಸ್ಮಿಕವು ಮನಸ್ಸಿಗೆ ಹಿತವೆನಿಸುತ್ತದೆ.

ಫ್ರಾನ್ಸ್ ದೇಶದ ದಕ್ಷಿಣ ಭಾಗದಲ್ಲಿರುವ ಆರ್ದೆಶ್ ಸೀಮೆಯ ಸಂ-ರೆಮೆಜ್ ಎಂಬ ಹಳ್ಳಿಯಲ್ಲಿ ಅವರು ಹುಟ್ಟಿದರು. 1766ರ ಜನವರಿಯಲ್ಲಿ ಜ್ಞಾನಸ್ನಾನ ಪಡೆದರು. 1792ರಲ್ಲಿ ಗುರುದೀಕ್ಷೆಯಾಯಿತು. ಅದು ಫ್ರಾನ್ಸಿನ ಮಹಾಕ್ರಾಂತಿಯ ಕಾಲ. ಗುರುಗಳನ್ನು ಹುಡುಕಿ ಕೊಲ್ಲುತ್ತಿದ್ದ ಕಾಲ. ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಸ್ಥೆಯ ಧರ್ಮಪ್ರಚಾರಕರಾಗಿ ಅದೇ ವರ್ಷ ಹಡಗನ್ನೇರಿದ ಇಪ್ಪತ್ತಾರರ ಈ ತರುಣ ಗುರು ಪಾಂಡಿಚೇರಿಯ ಮಿಷನ್ನಿಗೆ ಬಂದು ಸೇರಿದರು. ಮೊದಲ ಕೆಲವು ವರ್ಷಗಳು ತಮಿಳು ಸೀಮೆಯಲ್ಲಿ ಕಳೆದುವು. ಜನರ ನಡುವೆ ಬಾಳಬೇಕಾದರೆ ಜನರಂತೆಯೇ ಬಾಳಬೇಕೆಂದು ನಿಶ್ಚಯಿಸಿ ನಮ್ಮ ದೇಶದ ಉಡುಪನ್ನು ತೊಟ್ಟರು, ಮುಂಡಾಸು ಸುತ್ತಿದರು, ಇಲ್ಲಿಯ ಊಟಕ್ಕೂ ಆಚಾರಕ್ಕೂ ಒಗ್ಗಿಕೊಂಡರು.

ಅವರು ಮೈಸೂರು ಸೀಮೆಗೆ ಬಂದ ಸಂದರ್ಭವನ್ನು ಚಿತ್ರದುರ್ಗದ ನಮಗೆ ಹೆಚ್ಚು ವಿವರಿಸಬೇಕಾಗಿಲ್ಲ. ಊರಿಗೆ ಊರನ್ನೇ ಕಿತ್ತು ಬೇರೆಡೆಗೆ ಸಾಗಿಸುವುದೆಂದರೇನು ಎಂಬುದು ಈ ಕೋಟೆಯ ಸುತ್ತಲಿನ ಜನಕ್ಕೆ ಗೊತ್ತಿದ್ದ ಸಂಗತಿ. 1779ರಲ್ಲಿ ಮದಕರಿ ನಾಯಕನು ಸೋತ ಮೇಲೆ ಹೈದರಾಲಿಯು ದುರ್ಗದ ಬೇಡ ಜನರನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ಶ್ರೀರಂಗಪಟ್ಟಣದ ಕಡೆಗೆ ಸಾಗಿಸಿದನು. ಅವರ ಹುಡುಗರನ್ನು ಚೇಲಾ ಎಂಬ ಪಡೆಗಳಿಗೆ ಸೇರಿಸಿದನು. ಐದು ವರ್ಷಗಳ ಅನಂತರ, 1784ರಲ್ಲಿ, ಟಿಪ್ಪು ಸುಲ್ತಾನನು ಕೆನರಾ ಕರಾವಳಿಯ ಕಥೋಲಿಕರನ್ನು ಸೆರೆಹಿಡಿಸಿ ಘಟ್ಟದ ಮೇಲಕ್ಕೆ ನಡೆಸಿದನು. ದಾರಿಯಲ್ಲಿ ಸತ್ತವರು ಅನೇಕರು. ಬದುಕಿ ಉಳಿದವರಲ್ಲಿಯೂ ಮನೆ, ಹೊಲ, ಹೆಸರು, ವಿಶ್ವಾಸ ಎಲ್ಲವನ್ನೂ ಕಳೆದುಕೊಂಡವರು ಅನೇಕರು. ಮೈಸೂರು ಸೀಮೆಯಲ್ಲಿ ಹದಿನೇಳನೆಯ ಶತಮಾನದ ಮಧ್ಯಭಾಗದಿಂದ ದುಡಿಯುತ್ತಿದ್ದ ಯೇಸುಸಭೆಯ ಗುರುಗಳು ಕೂಡ ಆಗ ಇರಲಿಲ್ಲ. 1773ರಲ್ಲಿ ಅವರ ಸಭೆಯನ್ನೇ ರೋಮ್ ವಿಸರ್ಜಿಸಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಾಗ ಈ ಚದುರಿದ ಮಂದೆಯನ್ನು ಕೂಡಿಸಲು ಕುರುಬನೊಬ್ಬನು ಬೇಕಾಗಿದ್ದನು. ಆ ಕೆಲಸಕ್ಕೆ ಬಂದವರು ದ್ಯುಬ್ವಾ ಸ್ವಾಮಿಗಳು.

ಮುರಿದ ಸಮುದಾಯವೊಂದನ್ನು ಕಟ್ಟುವುದು ಎಲ್ಲಿಂದ ಪ್ರಾರಂಭವಾಗಬೇಕು? ದೇವಾಲಯದ ಗೋಡೆಯಿಂದಲೇ? ಜಪದ ಪುಸ್ತಕದಿಂದಲೇ? ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದಿದ ನಮ್ಮಂಥವರು ಆತ್ಮವು ಮೊದಲೋ ದೇಹವು ಮೊದಲೋ ಎಂದು ದೀರ್ಘ ಚರ್ಚೆ ಮಾಡಬಲ್ಲೆವು. ಸಂತ ತೋಮಸ್ ಅಕ್ವಿನಾಸರಂತೂ ಮನುಷ್ಯನೆಂದರೆ ಇವೆರಡೂ ಕೂಡಿದ ಒಂದೇ ವ್ಯಕ್ತಿ ಎಂದು ಬಹು ಹಿಂದೆಯೇ ತೀರ್ಮಾನಿಸಿದ್ದಾರೆ. ದ್ಯುಬ್ವಾ ಸ್ವಾಮಿಗಳು ಈ ಚರ್ಚೆಗೆ ನಿಲ್ಲಲಿಲ್ಲ. ಸಂಸ್ಕಾರಗಳನ್ನು ನಡೆಸುತ್ತಲೇ ಅವರು ಎರಡು ಲೌಕಿಕ ಕಾರ್ಯಗಳಿಗೆ ಕೈಹಾಕಿದರು. ಒಂದು, ನೆಲೆಯಿಲ್ಲದವರಿಗೆ ಉಳುಮೆಯ ನೆಲೆ ಕಲ್ಪಿಸುವುದು. ಇನ್ನೊಂದು, ಸಿಡುಬಿಗೆ ದಾಕು ಹಾಕಿಸುವುದು.

ಮೊದಲನೆಯದಕ್ಕೆ ಸಾತಳ್ಳಿಯೇ ಸಾಕ್ಷಿ. ದಿಕ್ಕೆಟ್ಟ ಕುಟುಂಬಗಳನ್ನು ಒಂದೆಡೆ ಕೂಡಿಸಿ ಬೇಸಾಯದ ನೆಲೆಗಳನ್ನು ಸ್ಥಾಪಿಸಿದ ಕೀರ್ತಿ ಅವರದು. ಅವುಗಳಲ್ಲಿ ಮುಖ್ಯವಾದುದು ಇದು. ಮಠದ ಬಾಗಿಲಲ್ಲಿ ಗಂಜಿ ಹಂಚುವುದು ಸುಲಭ; ನಾಳೆ ತನ್ನ ಗಂಜಿಯನ್ನು ತಾನೇ ಬೇಯಿಸಿಕೊಳ್ಳುವ ಸ್ಥಿತಿಗೆ ಒಂದು ಮನೆಯನ್ನು ತರುವುದು ಕಷ್ಟ. ಹೊಸದುರ್ಗದ ತೆಂಗಿನ ತೋಟದಲ್ಲಿಯೋ ಹೊಳಲ್ಕೆರೆಯ ಅಡಕೆ ತೋಟದಲ್ಲಿಯೋ ಕೂಲಿಗೆ ಹೋಗುವ ತಾಯಿಯೊಬ್ಬಳು ಸ್ತ್ರೀಶಕ್ತಿ ಸಂಘದ ಸಾಲದಿಂದ ಎರಡು ಕುರಿಯನ್ನೋ ಒಂದು ಹೊಲಿಗೆ ಯಂತ್ರವನ್ನೋ ಕೊಂಡ ದಿನ ಅವಳ ನಡಿಗೆಯೇ ಬೇರೆಯಾಗುತ್ತದೆ ಎಂಬುದನ್ನು ನಮ್ಮ ಓದುಗರು ಕಂಡಿದ್ದಾರೆ. ಸಾತಳ್ಳಿಯಲ್ಲಿ ಇನ್ನೂರು ವರ್ಷಗಳ ಹಿಂದೆ ನಡೆದುದೂ ಇದೇ ಜಾತಿಯ ಕೆಲಸ.

ಎರಡನೆಯ ಕಾರ್ಯವನ್ನು ತುಸು ವಿವರವಾಗಿ ಹೇಳಬೇಕು. ಇಂದಿನ ಮಕ್ಕಳಿಗೆ ಸಿಡುಬು ಎಂದರೇನೆಂದು ತಿಳಿಯದು. ಅಂದು ಅದನ್ನು ಅಮ್ಮನೆಂದೇ ಕರೆದು, ಬೇವಿನ ಸೊಪ್ಪು ಕಟ್ಟಿ, ಭಯಭಕ್ತಿಯಿಂದ ಕಾಯುತ್ತಿದ್ದರು. ಬದುಕಿದವರ ಮುಖದಲ್ಲಿ ಕಲೆ ಉಳಿಯುತ್ತಿತ್ತು. ಕೆಲವರ ಕಣ್ಣು ಹೋಗುತ್ತಿತ್ತು. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರನು ಹಸುವಿನ ಸಿಡುಬಿನ ರಸವನ್ನು ತೋಳಿಗೆ ಚುಚ್ಚಿದರೆ ಈ ರೋಗ ತಗಲದೆಂದು 1798ರಲ್ಲಿ ಪ್ರಕಟಿಸಿದನು. ಆದರೆ ಆ ರಸವನ್ನು ನಮ್ಮ ದೇಶಕ್ಕೆ ತರುವುದು ಹೇಗೆ? ಮಂಜುಗಡ್ಡೆಯ ಪೆಟ್ಟಿಗೆಗಳಿರಲಿಲ್ಲ, ಹಡಗಿನ ಬಿಸಿಲಿನಲ್ಲಿ ರಸವು ಸತ್ತುಹೋಗುತ್ತಿತ್ತು. ಕಡೆಗೆ ಬಾಗ್ದಾದ್, ಬಸ್ರಾ ಮಾರ್ಗವಾಗಿ ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟುತ್ತ ಬಂದು, 1802ರ ಜೂನ್ 14ರಂದು ಬೊಂಬಾಯಿಯಲ್ಲಿ ಮೂರು ವರ್ಷದ ಹೆಣ್ಣುಮಗುವೊಂದಕ್ಕೆ ಅದನ್ನು ಹಾಕಲಾಯಿತು. ಇಂಡಿಯಾ ದೇಶದಲ್ಲಿ ದಾಕು ಹಾಕಿಸಿಕೊಂಡ ಮೊದಲ ಜೀವ ಆ ಮಗು. ಮರುವರ್ಷ ಸ್ಪೇನಿನ ಅರಸನು ಅಮೆರಿಕಾ ಖಂಡದ ತನ್ನ ನಾಡುಗಳಿಗೆ ಇದೇ ರಸವನ್ನು ಕಳಿಸಿದಾಗ ಇಪ್ಪತ್ತೆರಡು ಅನಾಥ ಬಾಲಕರ ತೋಳುಗಳೇ ಪಾತ್ರೆಗಳಾದುವು. ಅವರನ್ನು ಹಡಗಿನಲ್ಲಿ ಸಲಹಿದವಳು ಇಸಬೆಲ್ ಸೆಂದಾಲ್ ಎಂಬ ಮಹಿಳೆ.

ಈ ವಿಧಾನದಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ದಾಕು ಹಾಕಿದ ಸುಮಾರು ಎಂಟನೆಯ ದಿನ ಮಗುವಿನ ತೋಳಿನ ಮೇಲೆ ನೀರುಗುಳ್ಳೆ ಬಲಿಯುತ್ತದೆ. ಆ ದಿನ ತಾಯಿಯು ಮಗುವನ್ನು ಮತ್ತೆ ಕರೆತಂದು, ಆ ಗುಳ್ಳೆಯಿಂದ ರಸ ತೆಗೆಯಲು ಬಿಡಬೇಕು. ಅದು ಪರರ ಮಗುವಿನ ತೋಳಿಗೆ ಹೋಗಬೇಕು. ತಾಯಿ ಬಾರದಿದ್ದರೆ ಸರಪಳಿ ಅಲ್ಲಿಗೆ ಕಡಿಯಿತು. ತನ್ನ ಮಗುವಿಗೆ ಆಗಬೇಕಾದ ಉಪಕಾರ ಆಗಿಹೋಗಿದೆ. ಇನ್ನೊಮ್ಮೆ ನಡೆದು ಬರುವುದು ಕೇವಲ ಇನ್ನೊಬ್ಬಳ ಮಗುವಿಗಾಗಿ. ಅದರ ಮೇಲೆ ಜಾತಿಯ ಪ್ರಶ್ನೆ ಬೇರೆ. ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಮುಟ್ಟದ ನಾಡಿನಲ್ಲಿ ಒಂದು ಮಗುವಿನ ಮೈಯ ರಸವು ಮತ್ತೊಂದು ಮಗುವಿನ ಮೈಗೆ ಸೇರಬೇಕು! ಆಜ್ಞೆಯಿಂದ ಆಗುವ ಕೆಲಸವಲ್ಲ ಇದು. ಹಳ್ಳಿಯ ಹೆಂಗಸರು ಯಾರನ್ನು ನಂಬುತ್ತಾರೋ ಅವರಿಂದ ಮಾತ್ರ ಆಗುವ ಕೆಲಸ. ಕಂಪನಿಯ ವೈದ್ಯರಿಗೆ ಸೂಜಿಯಿತ್ತು, ರಸವಿತ್ತು. ಮುಂಡಾಸಿನ ಫ್ರೆಂಚ್ ಗುರುವಿಗೆ ಆ ನಂಬಿಕೆಯಿತ್ತು.

1803-04ರ ಒಂದೇ ವರ್ಷದಲ್ಲಿ ದ್ಯುಬ್ವಾ ಸ್ವಾಮಿಗಳ ಪ್ರಭಾವದಿಂದ 25,432 ಜನರು ದಾಕು ಹಾಕಿಸಿಕೊಂಡು ದಾಖಲೆಯಲ್ಲಿ ಸೇರಿದರು. ಈ ಲೆಕ್ಕದ ಕಾಗದಗಳು ಮೈಸೂರು ರೆಸಿಡೆನ್ಸಿಯ ದಫ್ತರದಲ್ಲಿ ಬಹುಕಾಲ ಉಳಿದಿದ್ದುವು. ಅಂದಿನ ಮೈಸೂರು ಸೀಮೆಯ ಕ್ರೈಸ್ತರು ಚಿಕ್ಕ, ಚದುರಿದ ಸಮುದಾಯ. ಆದ್ದರಿಂದ ಈ ಇಪ್ಪತ್ತೈದು ಸಾವಿರದಲ್ಲಿ ಬಹುಪಾಲು ಜನರು ನಮ್ಮ ದೇವಾಲಯದ ಹೊಸ್ತಿಲನ್ನು ಎಂದೂ ತುಳಿಯದವರೇ ಆಗಿರಬೇಕು.

ಅರಮನೆಯೂ ಈ ಕಾರ್ಯಕ್ಕೆ ಒದಗಿತು. ಆಗ ಮುಮ್ಮಡಿ ಕೃಷ್ಣರಾಜ ಒಡೆಯರು ಬಾಲಕರು; ದಿವಾನ್ ಪೂರ್ಣಯ್ಯನವರ ಆಡಳಿತ. ಬಾಲರಾಜರ ರಾಣಿ ದೇವಾಜಮ್ಮಣ್ಣಿಯವರು ತಾವೇ ದಾಕು ಹಾಕಿಸಿಕೊಂಡುದರಿಂದ ಪ್ರಜೆಗಳ ಅಂಜಿಕೆ ಕಡಿಮೆಯಾಯಿತೆಂದು 1806ರ ದಾಖಲೆಯೊಂದು ತಿಳಿಸುತ್ತದೆ. ಥಾಮಸ್ ಹಿಕಿ ಎಂಬ ಚಿತ್ರಕಾರನು 1805ರ ಸುಮಾರಿನಲ್ಲಿ ಬರೆದ ಮೂವರು ಸ್ತ್ರೀಯರ ಚಿತ್ರವೊಂದಿದೆ. ಅದು ಮೈಸೂರಿನ ರಾಣಿಯರದೇ ಎಂದೂ, ಸೆರಗು ಸರಿಸಿ ತೋಳು ತೋರಿಸುತ್ತಿರುವ ಕಿರಿಯಳು ದಾಕಿನ ಜಾಗವನ್ನೇ ತೋರುತ್ತಿದ್ದಾಳೆಂದೂ ಇತ್ತೀಚಿನ ಇತಿಹಾಸಕಾರರೊಬ್ಬರ ಅಭಿಪ್ರಾಯ. ಇದೇ ಹಿಕಿಯು 1820ರಲ್ಲಿ ದ್ಯುಬ್ವಾ ಸ್ವಾಮಿಗಳ ಚಿತ್ರವನ್ನೂ ಬರೆದನು. ರಾಣಿಯರನ್ನೂ ಗುರುವನ್ನೂ ಒಬ್ಬನೇ ಚಿತ್ರಿಸಿದುದು ನಮಗೆ ಬಲು ಸೊಗಸೆನಿಸುತ್ತದೆ.

ಲೋಕವು ದ್ಯುಬ್ವಾ ಅವರನ್ನು ನೆನೆಯುವುದು ಮಾತ್ರ ಇದಾವುದಕ್ಕಾಗಿಯೂ ಅಲ್ಲ. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ದೊಡ್ಡ ಗ್ರಂಥಕ್ಕಾಗಿ. ಅದರ ಹಸ್ತಪ್ರತಿಯನ್ನು ಮದರಾಸಿನ ಸರಕಾರವು ಎರಡು ಸಾವಿರ ವರಹಗಳಿಗೆ ಕೊಂಡಿತು; 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಭಾಷೆಯಲ್ಲಿ ಅಚ್ಚಾಯಿತು. ಇಲ್ಲಿ ನಾವು ಮುಚ್ಚಿಡದೆ ಒಂದು ಮಾತು ಹೇಳಬೇಕು. ಆ ಗ್ರಂಥದ ಮೂಲವು ಯೇಸುಸಭೆಯ ಕೆರ್ದೂ ಎಂಬ ಗುರುಗಳು ಅದಕ್ಕೂ ಮೊದಲು ಬರೆದಿಟ್ಟ ಹಸ್ತಪ್ರತಿಯೆಂದು ಫ್ರಾನ್ಸಿನ ವಿದುಷಿ ಸಿಲ್ವಿಯಾ ಮ್ಯೂರ್ ಅವರು 1987ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ತೋರಿಸಿದ್ದಾರೆ. ಸತ್ತ ಗುರುವಿನ ಬರಹವನ್ನು ಅವನ ಹೆಸರೆತ್ತದೆ ತನ್ನದನ್ನಾಗಿ ಮಾಡಿಕೊಳ್ಳುವುದು ಸಣ್ಣ ದೋಷವಲ್ಲ. ದೊಡ್ಡ ಸ್ವಾಮಿಗಳೆಂಬ ಕಾರಣಕ್ಕೆ ನಾವು ಅದನ್ನು ಸಣ್ಣದು ಮಾಡಲಾಗದು. ಅವರ ಕೀರ್ತಿ ಯಾವುದರ ಮೇಲೆ ನಿಂತಿತ್ತೋ ಅದು ಅರ್ಧ ಪರರದು. ಯಾವುದು ಪೂರ್ಣವಾಗಿ ಅವರದಾಗಿತ್ತೋ ಅದನ್ನು ಲೋಕ ಮರೆಯಿತು.

ಅವರೂ ಅದನ್ನು ಮರೆತರೇನೋ ಎಂದು ನಮಗೆ ಸಂಶಯ. 1823ರಲ್ಲಿ ಇಂಡಿಯಾದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಲಂಡನ್ನಿನಲ್ಲಿ ಪ್ರಕಟವಾದುವು. ಇಷ್ಟೊಂದು ನಿರಾಶೆಯ ಪುಸ್ತಕವನ್ನು ಧರ್ಮಪ್ರಚಾರಕರೊಬ್ಬರು ಬರೆದುದು ಅಪೂರ್ವ. ಕಾಲು ಶತಮಾನ ದುಡಿದು ತಾವು ಸಭೆಗೆ ಸೇರಿಸಿದವರು ಇನ್ನೂರರಿಂದ ಮುನ್ನೂರು ಜನ ಮಾತ್ರ. ಅವರಲ್ಲಿಯೂ ಮೂರರಲ್ಲಿ ಎರಡು ಪಾಲು ಹೊಲೆಯರು ಮತ್ತು ಭಿಕ್ಷುಕರು ಎಂದು ಅವರು ಅದರಲ್ಲಿ ಲೆಕ್ಕ ಕೊಡುತ್ತಾರೆ. ಈ ನಾಡಿನಲ್ಲಿ ಮತಪರಿವರ್ತನೆಯ ಕಾಲವು ಮುಗಿದುಹೋಯಿತೆಂಬುದು ಅವರ ತೀರ್ಮಾನ. ಜೇಮ್ಸ್ ಹಫ್ ಎಂಬ ಪ್ರಾಟೆಸ್ಟೆಂಟ್ ಬೋಧಕರು ಮರುವರ್ಷವೇ ಒಂದು ಪುಸ್ತಕ ಬರೆದು ಅವರನ್ನು ಖಂಡಿಸಿದರು.

ನಮಗೆ ಆ ಲೆಕ್ಕದಲ್ಲಿ ನೋಯಿಸುವುದು ಅದರ ಸಂಖ್ಯೆಯಲ್ಲ, ಅದರ ಧ್ವನಿ. ದಲಿತರೂ ಭಿಕ್ಷುಕರೂ ಬಂದರೆಂಬುದು ಸೋಲಿನ ಗುರುತಾಗುವುದು ಹೇಗೆ? ಶುಭಸಂದೇಶದ ಔತಣದ ಸಾಮತಿಯಲ್ಲಿ ಬೀದಿ ಸಂದುಗಳಿಂದ ಬಂದವರೇ ಕಡೆಗೆ ಪಂಕ್ತಿಯಲ್ಲಿ ಕುಳಿತವರು. ತಾಯಂದಿರನ್ನು ಅಷ್ಟು ಚೆನ್ನಾಗಿ ಬಲ್ಲ ಗುರುವಿಗೆ ಈ ಬಡವರ ಬೆಲೆ ಕಾಣದೆ ಹೋದುದನ್ನು ನಾವು ಅವರ ಕಾಲದ ಕೊರತೆಯೆಂದು ಹೇಳಿ ಮುಗಿಸಬಹುದು. ಆದರೆ ಅದೇ ಕಾಲದಲ್ಲಿ ಹಾಗೆ ಎಣಿಸದವರೂ ಇದ್ದರು. ಇನ್ನು ಆ ಇನ್ನೊಂದು ಲೆಕ್ಕ, 25,432ರದು? ನಿರಾಶೆಯ ಆ ತೀರ್ಮಾನದಲ್ಲಿ ಅದಕ್ಕೆ ಯಾವ ತೂಕವೂ ಸಲ್ಲಲಿಲ್ಲ. ಉಳಿದ ಪ್ರಾಣಗಳನ್ನು ಅವರು ಧರ್ಮಕಾರ್ಯದ ಫಲವೆಂದು ಎಣಿಸಲಿಲ್ಲ. ಅದು ಅವರ ಮಟ್ಟಿಗೆ ಉಪಕಾರ, ಅಷ್ಟೆ. ಒಂದು ದೃಷ್ಟಿಯಿಂದ ಇದು ಅವರ ಶುದ್ಧತೆಯೂ ಹೌದು. ದಾಕಿನ ಹೆಸರಿನಲ್ಲಿ ಅವರು ಯಾರನ್ನೂ ದೇವಾಲಯಕ್ಕೆ ಎಳೆಯಲಿಲ್ಲವೆಂಬುದನ್ನು ಆ ಎರಡು ಸಂಖ್ಯೆಗಳ ಅಂತರವೇ ಹೇಳುತ್ತದೆ.

1823ರ ಜನವರಿ 15ರಂದು ಅವರು ನಮ್ಮ ದೇಶವನ್ನು ಬಿಟ್ಟರು. ಕಂಪನಿಯವರು ವಿಶೇಷ ಪಿಂಚಣಿ ಗೊತ್ತುಮಾಡಿದರು. ಮರಳಿ ಬರಲಿಲ್ಲ. ಪ್ಯಾರಿಸ್ಸಿನಲ್ಲಿ ತಮ್ಮ ಸಂಸ್ಥೆಯ ಸೆಮಿನರಿಯ ನಿರ್ದೇಶಕರಲ್ಲೊಬ್ಬರಾದರು. 1836ರಿಂದ 1839ರವರೆಗೆ ಅದರ ಶ್ರೇಷ್ಠರಾಗಿದ್ದರು. ಪಂಚತಂತ್ರದ ಕಥೆಗಳನ್ನು 1826ರಲ್ಲಿ ಫ್ರೆಂಚ್ ಭಾಷೆಗೆ ತಂದರು. ಪರಿವರ್ತನೆಯ ಕಾಲ ಮುಗಿಯಿತೆಂದು ಬರೆದವರೇ ಪೂರ್ವದೇಶಗಳಿಗೆ ಹೊರಡುವ ತರುಣ ಗುರುಗಳನ್ನು ಸಿದ್ಧಪಡಿಸುವ ಮನೆಯ ಹಿರಿಯರಾದುದು ವಿಚಿತ್ರ. 1848ರ ಫೆಬ್ರವರಿ 17ರಂದು, ಪ್ಯಾರಿಸ್ಸಿನಲ್ಲಿ ಮತ್ತೊಂದು ಕ್ರಾಂತಿ ಸಿಡಿಯಲು ಕೆಲವೇ ದಿನಗಳಿದ್ದಾಗ, ಅವರು ತೀರಿಕೊಂಡರು.

ಎರಡು ವರ್ಷಗಳ ಮೇಲೆ, 1850ರಲ್ಲಿ, ಮೈಸೂರು ಸೀಮೆಯು ಪಾಂಡಿಚೇರಿಯಿಂದ ಬೇರ್ಪಟ್ಟು ತನ್ನದೇ ಮೇತ್ರಾಣಿಗಳನ್ನು ಪಡೆಯಿತು. 1854ರಲ್ಲಿ ಗುಡ್ ಶೆಫರ್ಡ್ ಕನ್ಯಾಸ್ತ್ರೀಯರು ಬೆಂಗಳೂರಿಗೆ ಬಂದರು. 1886ರಲ್ಲಿ ಅವರು ಸಂತ ಮಾರ್ತಾ ಆಸ್ಪತ್ರೆಯನ್ನು ತೆರೆದರು. ಸಿಡುಬು ಭೂಮಿಯಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 1980ರಲ್ಲಿ ಸಾರಿತು. ಹಿರಿಯೂರಿನಲ್ಲಾಗಲಿ ಹೊಳಲ್ಕೆರೆಯಲ್ಲಾಗಲಿ ಅರ್ಧ ಶತಮಾನ ದಾಟಿದ ಯಾರನ್ನಾದರೂ ಕೇಳಿದರೆ ತೋಳಿನ ಮೇಲಿನ ದಾಕಿನ ಗುರುತನ್ನು ತೋರಿಸಿಯಾರು. ಅವರ ಮೊಮ್ಮಕ್ಕಳ ತೋಳುಗಳಲ್ಲಿ ಸಿಡುಬಿನ ದಾಕಿನ ಆ ಗುರುತಿಲ್ಲ.