ಡಾ. ಅಲೋಯಿಸ್ ಆಲ್ಜೈಮರ್ (1864–1915): ಮರೆವನ್ನು ಕಾಯಿಲೆಯೆಂದು ಗುರುತಿಸಿದ ವೈದ್ಯ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ಹಿರಿಯ ನಾಗರಿಕರು ಗುರುತಿನ ಚೀಟಿ ಅಥವಾ ಪಿಂಚಣಿಗಾಗಿ ಅರ್ಜಿ ಸಲ್ಲಿಸುವಾಗ, ಕೆಲವರಿಗೆ ಮಕ್ಕಳ ಹೆಸರೂ ನೆನಪಾಗದಿರುವುದುಂಟು. ಅರವತ್ತರ ಅರಳುಮರಳೆಂದು ಮನೆಯವರು ಇದನ್ನು ಅಲಕ್ಷಿಸುತ್ತಾರೆ. ಇಂತಹ ಮರೆವು ಮಿದುಳಿನ ಕಾಯಿಲೆಯೂ ಆಗಿರಬಹುದೆಂದು ತೋರಿಸಿಕೊಟ್ಟ ವೈದ್ಯರ ಜೀವನವನ್ನು ಅರ್ಜಿದಾರರ ಹಾಗೂ ಅವರ ಕುಟುಂಬದವರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಅಲೋಯಿಸ್ ಆಲ್ಜೈಮರ್ ಅವರು 1864ರ ಜೂನ್ 14ರಂದು ಜರ್ಮನಿಯ ಬವೇರಿಯಾ ಪ್ರಾಂತದ ಮಾರ್ಕ್ಟ್‌ಬ್ರೈಟ್ ಎಂಬಲ್ಲಿ ಜನಿಸಿದರು. 1887ರಲ್ಲಿ ವೈದ್ಯಕೀಯ ಪದವಿ ಪಡೆದು, ಮರುವರ್ಷ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಚಿಕಿತ್ಸಾಲಯದಲ್ಲಿ ಸೇವೆಗೆ ಸೇರಿದರು. ಹಗಲು ರೋಗಿಗಳ ಉಪಚಾರ, ಬಿಡುವಿನಲ್ಲಿ ಸೂಕ್ಷ್ಮದರ್ಶಕ. ಸಹೋದ್ಯೋಗಿ ಫ್ರಾಂಜ್ ನಿಸ್ಲ್ ಅವರು ನರಕೋಶಗಳಿಗೆ ಬಣ್ಣ ಹಾಕಿ ನೋಡುವ ವಿಧಾನದಲ್ಲಿ ನಿಪುಣರಾಗಿದ್ದು, ಇವರಿಬ್ಬರ ಸ್ನೇಹ ಕೊನೆಯವರೆಗೂ ಉಳಿಯಿತು.

1901ರಲ್ಲಿ ಆಲ್ಜೈಮರ್ ಅವರ ಪತ್ನಿ ತೀರಿಕೊಂಡರು. ಅದೇ ವರ್ಷದ ನವೆಂಬರ್ 25ರಂದು ಆಗುಸ್ಟೆ ಡೇಟರ್ ಎಂಬ 51 ವರ್ಷದ ಮಹಿಳೆ ಚಿಕಿತ್ಸಾಲಯಕ್ಕೆ ದಾಖಲಾದರು. ವೃದ್ಧಾಪ್ಯದ ಮರೆವೆನ್ನಲು ಆಕೆಯ ವಯಸ್ಸು ಬಹಳ ಕಡಿಮೆಯಾಗಿತ್ತು. ಮರುದಿನ ಆಲ್ಜೈಮರ್ ಅವರು ಆಕೆಯ ಎದುರು ಕುಳಿತು ಸರಳವಾದ ಪ್ರಶ್ನೆಗಳನ್ನು ಕೇಳಿದರು. ಪತಿಯ ಹೆಸರು ಕೇಳಿದಾಗ ಆಕೆ ತನ್ನ ಹೆಸರನ್ನೇ ಹೇಳಿದರು. ಪೆನ್ಸಿಲ್, ಲೇಖನಿ, ಬೀಗದ ಕೈಗಳನ್ನು ತೋರಿಸಿದಾಗ ಅವುಗಳ ಹೆಸರನ್ನು ಸರಿಯಾಗಿ ಹೇಳಿದರೂ, ಸ್ವಲ್ಪ ಹೊತ್ತಿನ ನಂತರ ಏನನ್ನು ತೋರಿಸಲಾಗಿತ್ತೆಂಬುದು ನೆನಪಿರಲಿಲ್ಲ. ತನ್ನ ಹೆಸರನ್ನು ಬರೆಯಲೂ ಆಗಲಿಲ್ಲ. ಪ್ರತಿಯೊಂದು ಪ್ರಶ್ನೆ ಹಾಗೂ ಉತ್ತರವನ್ನು ಆಲ್ಜೈಮರ್ ಅವರು ಬರೆದಿಟ್ಟರು. ಕಳೆದುಹೋಗಿದ್ದ ಆ ಕಡತವು 1995ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿಯೇ ದೊರೆಯಿತು.

1906ರ ಏಪ್ರಿಲ್ 8ರಂದು ಆಗುಸ್ಟೆ ನಿಧನರಾದರು. ಆ ವೇಳೆಗೆ ಆಲ್ಜೈಮರ್ ಅವರು ಮ್ಯೂನಿಕ್‌ನಲ್ಲಿ ಪ್ರೊ. ಎಮಿಲ್ ಕ್ರೆಪೆಲಿನ್ ಅವರೊಡನೆ ಕೆಲಸ ಮಾಡುತ್ತಿದ್ದರು. ಆಕೆಯ ಮಿದುಳನ್ನು ಅಲ್ಲಿಗೆ ತರಿಸಿಕೊಂಡು ಬೆಳ್ಳಿಯ ಲವಣದಿಂದ ಬಣ್ಣ ಹಾಕಿ ಪರೀಕ್ಷಿಸಿದಾಗ, ಮಿದುಳು ಕುಗ್ಗಿರುವುದೂ, ನರಕೋಶಗಳೊಳಗೆ ಎಳೆಗಳ ಗಂಟುಗಳೂ, ಹೊರಗೆ ಕಲೆಗಳಂತಹ ಸಂಚಯಗಳೂ ಕಂಡುಬಂದವು. ಅದೇ ವರ್ಷದ ನವೆಂಬರ್ 3ರಂದು ಟ್ಯೂಬಿಂಗೆನ್ ಸಭೆಯಲ್ಲಿ ಇದನ್ನು ಮಂಡಿಸಿದಾಗ ಸಭಿಕರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. 1910ರಲ್ಲಿ ಕ್ರೆಪೆಲಿನ್ ಅವರು ತಮ್ಮ ಪಠ್ಯಪುಸ್ತಕದಲ್ಲಿ ಈ ಕಾಯಿಲೆಗೆ ಆಲ್ಜೈಮರ್ ಅವರ ಹೆಸರನ್ನಿಟ್ಟರು. 1912ರಲ್ಲಿ ಬ್ರೆಸ್ಲಾವ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಅವರು 1915ರ ಡಿಸೆಂಬರ್ 19ರಂದು, ತಮ್ಮ 51ನೆಯ ವಯಸ್ಸಿನಲ್ಲಿ ನಿಧನರಾದರು.

ಆಲ್ಜೈಮರ್ ಅವರು ಸಾವಿನ ನಂತರವಷ್ಟೇ ಕಂಡದ್ದರಲ್ಲಿ ಬಹುಭಾಗವನ್ನು ಇಂದು ಜೀವಂತ ವ್ಯಕ್ತಿಯಲ್ಲಿಯೇ ಕಾಣಬಹುದಾಗಿದೆ. ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಭಾಗ ಕುಗ್ಗಿದೆಯೇ ಎಂಬುದನ್ನು ಎಂ.ಆರ್.ಐ. ತೋರಿಸುತ್ತದೆ, ಸಂಚಯಗಳನ್ನು ಪೆಟ್ ಸ್ಕ್ಯಾನ್ ತೋರಿಸುತ್ತದೆ. ಆದರೆ ಚಿತ್ರವೊಂದರಿಂದಲೇ ತೀರ್ಮಾನವಾಗದು. ಪದಗಳನ್ನು ಹೇಳಿ ಸ್ವಲ್ಪ ಹೊತ್ತಿನ ನಂತರ ಮತ್ತೆ ಕೇಳುವ ಪರೀಕ್ಷೆ ಇಂದಿಗೂ ಮುಖ್ಯ. ಅದು ಆಗುಸ್ಟೆಗೆ ಮಾಡಿದ ಪರೀಕ್ಷೆಯ ಸುಧಾರಿತ ರೂಪವೇ ಸರಿ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 2018ರಲ್ಲಿ ಗ್ರಾಮೀಣ ಅಧ್ಯಯನವೊಂದನ್ನು ಕೈಗೊಂಡಿತು. 45 ವರ್ಷ ಮೇಲ್ಪಟ್ಟ 10,000 ಜನರನ್ನು ವರ್ಷಗಳ ಕಾಲ ಪರಿಶೀಲಿಸುವುದು ಇದರ ಗುರಿಯಾಗಿದ್ದು, ನೆನಪಿನ ಪರೀಕ್ಷೆ ಮತ್ತು ಎಂ.ಆರ್.ಐ. ಎರಡೂ ಇದರಲ್ಲಿ ಸೇರಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಇಂತಹ ಪರೀಕ್ಷೆಗಳನ್ನು ಕನ್ನಡವೂ ಸೇರಿದಂತೆ 5 ಭಾರತೀಯ ಭಾಷೆಗಳಲ್ಲಿ ಸಿದ್ಧಪಡಿಸಿದೆ. ಶಾಲೆಗೆ ಹೋಗದವರನ್ನು ಓದು ಬರಹದ ಪ್ರಶ್ನೆಗಳಿಂದ ಅಳೆದರೆ ಇಲ್ಲದ ಕಾಯಿಲೆ ಕಂಡೀತು. ಗಡಿಭಾಗದ ಮನೆಗಳಲ್ಲಿ ಮರಾಠಿ ಮಾತನಾಡುವವರಿಗೆ ಕನ್ನಡದಲ್ಲಿಯೇ ಪರೀಕ್ಷೆ ನಡೆಸಿದರೂ ಹೀಗಾಗಬಹುದು.

ಆದುದರಿಂದ ಹಿರಿಯರನ್ನು ಕರೆತರುವ ಕುಟುಂಬದವರು ಮನೆಮಾತು ಯಾವುದು, ಎಷ್ಟನೆಯ ತರಗತಿಯವರೆಗೆ ಓದಿದ್ದಾರೆ, ಮರೆವು ಯಾವಾಗಿನಿಂದ ಕಂಡಿದೆ ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ, ತಲೆಗೆ ಪೆಟ್ಟು ಬಿದ್ದು ರಕ್ತ ಶೇಖರವಾಗುವುದು ಮುಂತಾದ ಕಾರಣಗಳಿಂದಲೂ ಮರೆವು ಬರುವುದರಿಂದ ಮತ್ತು ಇವುಗಳಿಗೆ ಚಿಕಿತ್ಸೆ ಇರುವುದರಿಂದ ತಡಮಾಡಬಾರದು. ಹಿರಿಯ ನಾಗರಿಕರ ಉಚಿತ ಸಹಾಯವಾಣಿ ಸಂಖ್ಯೆ: 14567.