ಪಟ್ಟ ಇಳಿದ ಮೇಲೂ ಕಂದಾಯ ಕಡತ ಬಿಡದ ಕಡಿದಾಳ್ ಮಂಜಪ್ಪ

ಕೊಪ್ಪ: ಗೇಣಿದಾರರಿಗೆ ಭೂಮಿ ದಕ್ಕಿದ ಕಥೆಯನ್ನು ಹೇಳುವಾಗ ಮಲೆನಾಡಿಗರು ಮೊದಲು 1951ರ ಕಾಗೋಡು ಸತ್ಯಾಗ್ರಹವನ್ನು ನೆನೆಯುತ್ತಾರೆ. ಅಲ್ಲಿಂದ ನೇರವಾಗಿ 1974ಕ್ಕೆ, ದೇವರಾಜ ಅರಸು ಅವರ ಕಾಲಕ್ಕೆ ಬಂದುಬಿಡುತ್ತಾರೆ. ನಡುವಿನ ವರ್ಷಗಳಲ್ಲಿ ಈ ಕೆಲಸದ ಭಾರ ಹೊತ್ತ ಕಡಿದಾಳ್ ಮಂಜಪ್ಪ ಅವರ ಹೆಸರು ಮಾತಿನ ನಡುವೆ ಬರುವುದು ಅಪರೂಪ. ಮುಖ್ಯಮಂತ್ರಿ ಸ್ಥಾನದಿಂದ ಇಳಿದ ಬಳಿಕ ಅವರು ವಿಧಾನಸಭೆ ಪ್ರವೇಶಿಸಿದ್ದು ಶೃಂಗೇರಿ ಕ್ಷೇತ್ರದಿಂದ ಎಂಬುದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹೊಸ ತಲೆಮಾರಿಗೆ ಬಹುಶಃ ತಿಳಿಯದು.

ಮಂಜಪ್ಪನವರು 1908ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಹಾರೋಗೊಳಿಗೆಯಲ್ಲಿ ಜನಿಸಿದರು. ಕಾನೂನು ಓದಿ ವಕೀಲರಾದರು, ಸ್ವಾತಂತ್ರ್ಯ ಹೋರಾಟದಲ್ಲಿ ಪಾಲ್ಗೊಂಡರು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ತೀರ್ಥಹಳ್ಳಿಯಿಂದ ಆಯ್ಕೆಯಾಗಿ ಕೆಂಗಲ್ ಹನುಮಂತಯ್ಯನವರ ಸಂಪುಟ ಸೇರಿದರು. ವಹಿಸಿಕೊಂಡದ್ದು ಕಂದಾಯ ಖಾತೆ. ಮಲೆನಾಡಿನ ಮಂತ್ರಿಗೆ ಇದಕ್ಕಿಂತ ಇಕ್ಕಟ್ಟಿನ ಖಾತೆ ಬೇರೊಂದಿರಲಾರದು. ಸುಗ್ಗಿಯಾದೊಡನೆ ಒಡೆಯರ ಅಂಗಳಕ್ಕೆ ಗೇಣಿ ಭತ್ತ ಅಳೆಯಬೇಕಿದ್ದ ಕಾಲವದು. ಬಹುಪಾಲು ಗೇಣಿ ಬಾಯಿಮಾತಿನದು. ಒಕ್ಕಲೆಬ್ಬಿಸಿದರೆ ತೋರಿಸಲು ರೈತನ ಕೈಯಲ್ಲಿ ಒಂದು ಚೀಟಿಯೂ ಇರುತ್ತಿರಲಿಲ್ಲ.

ಆ ಅವಧಿಯಲ್ಲಿ ಮೈಸೂರು ಗೇಣಿ ಕಾಯ್ದೆ ಬಂದಿತು. 1954ರಲ್ಲಿ ವೈಯಕ್ತಿಕ ಇನಾಂ ರದ್ದತಿ, 1955ರಲ್ಲಿ ಧಾರ್ಮಿಕ ಇನಾಂ ರದ್ದತಿ ಕಾಯ್ದೆಗಳು ಬಂದವು. ಎರಡನೆಯದು ಶೃಂಗೇರಿಗೆ ನೇರವಾಗಿ ತಟ್ಟಿತು. ಶತಮಾನಗಳಿಂದ ಮಠದ ಜಹಗೀರಾಗಿದ್ದ ಸೀಮೆಯ ಆಡಳಿತ ಪರಂಪರೆ ಆ ಕಾಯ್ದೆಯೊಂದಿಗೆ ಮುಕ್ತಾಯದ ದಾರಿ ಹಿಡಿಯಿತು.

1956ರ ಆಗಸ್ಟ್‌ನಲ್ಲಿ ಶಾಸಕಾಂಗ ಪಕ್ಷದ ವಿಶ್ವಾಸ ಕಳೆದುಕೊಂಡು ಹನುಮಂತಯ್ಯನವರು ರಾಜೀನಾಮೆ ನೀಡಿದರು. ಆಗಸ್ಟ್ 19ರಂದು ಮಂಜಪ್ಪನವರು ಮುಖ್ಯಮಂತ್ರಿಯಾದರು. ನವೆಂಬರ್ 1ಕ್ಕೆ ಏಕೀಕೃತ ರಾಜ್ಯ ಉದಯಿಸುವುದು ಆಗಲೇ ನಿಶ್ಚಯವಾಗಿತ್ತು. ಅಕ್ಟೋಬರ್ 31ಕ್ಕೆ ಅವರ ಅಧಿಕಾರ ಮುಗಿಯಿತು. ಎರಡೂವರೆ ತಿಂಗಳ ಈ ಆಳ್ವಿಕೆಯನ್ನು ಚರಿತ್ರೆ ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ಅದರಲ್ಲಿ ಅನ್ಯಾಯವೇನೂ ಇಲ್ಲ.

ಕುತೂಹಲವಿರುವುದು ಆಮೇಲಿನ ನಡೆಯಲ್ಲಿ. ಅವರಿಗಿಂತ ಹಿಂದೆ ಮುಖ್ಯಮಂತ್ರಿಯಾಗಿದ್ದ ಕೆ.ಸಿ. ರೆಡ್ಡಿ ಕೇಂದ್ರ ಸಚಿವರಾಗಿ, ಬಳಿಕ ಮಧ್ಯಪ್ರದೇಶದ ರಾಜ್ಯಪಾಲರಾದರು. ಹನುಮಂತಯ್ಯನವರು 1962ರಲ್ಲಿ ಲೋಕಸಭೆಗೆ ಹೋಗಿ ಮುಂದೆ ರೈಲ್ವೆ ಸಚಿವರಾದರು. ಅವರ ನಂತರ ಬಂದ ನಿಜಲಿಂಗಪ್ಪನವರು 1968ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದರೆ, ಬಿ.ಡಿ. ಜತ್ತಿ 1974ರಲ್ಲಿ ಉಪರಾಷ್ಟ್ರಪತಿಯಾಗಿ 1977ರಲ್ಲಿ ಹಂಗಾಮಿ ರಾಷ್ಟ್ರಪತಿಯ ಹೊಣೆಯನ್ನೂ ಹೊತ್ತರು. ಮಂಜಪ್ಪನವರು ಮಾಡಿದ್ದು ಇದಾವುದನ್ನೂ ಅಲ್ಲ. ಒಂದು ಮೆಟ್ಟಿಲು ಕೆಳಗಿಳಿದು, ತಮ್ಮ ನಂತರದ ಮುಖ್ಯಮಂತ್ರಿಗಳ ಸಂಪುಟದಲ್ಲಿ ಮಂತ್ರಿಯಾಗಿ ಕುಳಿತರು. ಇಂದಿನ ಮಾಜಿಗಳಿಗೆ ಇದನ್ನು ಹೇಳಿದರೆ ನಕ್ಕಾರು.

1957ರ ಚುನಾವಣೆಯಲ್ಲಿ ಅವರು ಶೃಂಗೇರಿಯಿಂದ ಸ್ಪರ್ಧಿಸಿ ಗೆದ್ದರು. ತೀರ್ಥಹಳ್ಳಿಗೆ ತುಂಗೆ ಬರುವುದು ಶೃಂಗೇರಿ, ಹರಿಹರಪುರಗಳನ್ನು ದಾಟಿಯೇ. ಎರಡೂ ಕಡೆ ಅಡಿಕೆ ತೋಟ, ಭತ್ತದ ಗದ್ದೆ, ಒಂದೇ ಬಗೆಯ ಗೇಣಿ ವ್ಯವಹಾರ. ಆದ್ದರಿಂದ ಅಭ್ಯರ್ಥಿ ಹೊರಗಿನವರೆನಿಸಿರಲಾರರು. ಆದರೆ ಇನಾಂ ರದ್ದತಿಯ ಕಾಲದ ಕಂದಾಯ ಮಂತ್ರಿಯನ್ನೇ ಜಹಗೀರಿನ ಊರನ್ನೊಳಗೊಂಡ ಕ್ಷೇತ್ರ ಆರಿಸಿ ಕಳುಹಿಸಿತು ಎಂಬುದು ಸಣ್ಣ ಸಂಗತಿಯಲ್ಲ.

ಆ ಹೊತ್ತಿಗೆ ಹೊಸ ರಾಜ್ಯದಲ್ಲಿ ಮುಂಬೈ, ಹೈದರಾಬಾದ್, ಮದರಾಸು, ಕೊಡಗು, ಹಳೇ ಮೈಸೂರು ಎಂದು ಬೇರೆ ಬೇರೆ ಗೇಣಿ ಕಾನೂನುಗಳಿದ್ದವು. ಎಲ್ಲವನ್ನೂ ಒಂದುಗೂಡಿಸಲು ಜತ್ತಿ ಸಮಿತಿ ವರದಿ ನೀಡಿತು. 1958ರಲ್ಲಿ ಜತ್ತಿಯವರೇ ಮುಖ್ಯಮಂತ್ರಿಯಾದರು. ಮಸೂದೆಯನ್ನು ಸದನದಲ್ಲಿ ನಡೆಸುವ ಹೊಣೆ ಕಂದಾಯ ಮಂತ್ರಿ ಮಂಜಪ್ಪನವರದಾಯಿತು. 1961ರಲ್ಲಿ ಅದು ಮೈಸೂರು ಭೂಸುಧಾರಣಾ ಕಾಯ್ದೆಯಾಗಿ ಅಂಗೀಕಾರವಾಯಿತು. 1962ರ ಮಾರ್ಚ್‌ನಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ದೊರೆಯಿತು.

ಕಾಯ್ದೆಯಲ್ಲಿ ಲೋಪಗಳಿದ್ದವು, ಅದನ್ನು ಮುಚ್ಚಿಡಬೇಕಿಲ್ಲ. ಸ್ವಂತ ಸಾಗುವಳಿಯ ಹೆಸರಿನಲ್ಲಿ ಒಡೆಯರು ಜಮೀನು ಹಿಂಪಡೆಯಲು ಅವಕಾಶ ಉಳಿದಿತ್ತು. ಭೂಮಿತಿಯೂ ಉದಾರವಾಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಒಪ್ಪಿಗೆಗೂ ಜಾರಿಗೂ ನಡುವೆ ಮೂರೂವರೆ ವರ್ಷ! ಜಮೀನು ಬಿಡಿಸಿಕೊಳ್ಳುವ ಮನಸ್ಸಿದ್ದವರಿಗೆ ಅಷ್ಟು ಕಾಲ ಧಾರಾಳವಾಗಿ ಸಾಕಾಗಿತ್ತು. ಕಾಯ್ದೆ ರೂಪಿಸಿದವರೇ ಅದನ್ನು ಜಾರಿಗೊಳಿಸುವ ಸ್ಥಾನದಲ್ಲಿರುವುದಿಲ್ಲ ಎಂಬ ಸಂಕಟ ಮಂಜಪ್ಪನವರ ಪಾಲಿಗೂ ಬಂದಿತ್ತು. ಜತ್ತಿ ಸಂಪುಟ 1962ರಲ್ಲೇ ಮುಗಿದಿತ್ತು.

ಮಂಜಪ್ಪನವರು ಲೇಖಕರೂ ಆಗಿದ್ದರು. ಕಾದಂಬರಿಗಳನ್ನು ಬರೆದರು, ಆತ್ಮಕಥೆಗೆ ‘ನನಸಾಗದ ಕನಸು’ ಎಂದು ಹೆಸರಿಟ್ಟರು. ಮುಖ್ಯಮಂತ್ರಿ ಪದವಿಯನ್ನೇರಿದ ವ್ಯಕ್ತಿ ತನ್ನ ಬಾಳಿನ ಕಥೆಗೆ ಇಂಥ ಹೆಸರನ್ನು ಆರಿಸಿಕೊಂಡದ್ದು ಓದುಗರನ್ನು ತಡೆದು ನಿಲ್ಲಿಸುತ್ತದೆ.

ಇದೇ ಕ್ಷೇತ್ರದ ಇನ್ನೊಬ್ಬರನ್ನೂ ಇಲ್ಲಿ ನೆನೆಯಬೇಕು. 1994ರಿಂದ 1999ರವರೆಗೆ ಶಿಕ್ಷಣ ಸಚಿವರಾಗಿ ಅರ್ಹತೆಯ ಮೇಲೆಯೇ ಶಿಕ್ಷಕರನ್ನು ನೇಮಿಸಿದ ಎಚ್.ಜಿ. ಗೋವಿಂದೇಗೌಡರು ಅನಂತರ ಸಕ್ರಿಯ ರಾಜಕಾರಣದಿಂದ ದೂರ ಸರಿದು ಕೊಪ್ಪದಲ್ಲೇ ಉಳಿದರು. 2016ರ ಜನವರಿಯಲ್ಲಿ ನಿಧನರಾದರು. ಒಬ್ಬರು ಪದವಿ ಇಳಿದು ಕೆಲಸ ಮುಂದುವರಿಸಿದರು, ಮತ್ತೊಬ್ಬರು ಕೆಲಸ ಮುಗಿಸಿ ಮನೆಗೆ ಬಂದರು.

1974ರ ಮಾರ್ಚ್ 1ರಿಂದ ಅರಸು ಸರ್ಕಾರದ ತಿದ್ದುಪಡಿ ಜಾರಿಗೆ ಬಂದು, ತಾಲ್ಲೂಕುಗಳಲ್ಲಿ ಭೂನ್ಯಾಯ ಮಂಡಳಿಗಳು ರಚನೆಯಾದವು. ನಮೂನೆ 7ರ ಅರ್ಜಿ ಹಿಡಿದು ಗೇಣಿದಾರರು ಸಾಲುಗಟ್ಟಿದರು. ಮಂಜಪ್ಪನವರು ಅದನ್ನು ಕಂಡು, 1992ರಲ್ಲಿ ತೀರಿಕೊಂಡರು. ತಿದ್ದುಪಡಿಯಾದದ್ದು ಅವರು ಸದನದಲ್ಲಿ ನಡೆಸಿದ ಕಾಯ್ದೆಯೇ. ಅದರ ಹೆಸರಿನ ಮುಂದೆ ಇಂದಿಗೂ ಇರುವ ಇಸವಿ 1961.