ಪುಸ್ತಕಕ್ಕೆ ಅಂಟಿದ ಪತಂಗ

ಮಕ್ಕಳೇ, ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುತ್ತಿರುವಾಗ ಪರದೆಯ ಮೇಲೆ ಥಟ್ಟನೆ ಚಿಕ್ಕ ಚೌಕವೊಂದು ಬಂದು ‘ಎರರ್’ ಎಂದರೆ ಏನು ಮಾಡುತ್ತೀರಿ? ಭಟ್ಕಳ, ಹೊನ್ನಾವರ, ಕುಮಟಾದ ಶಾಲೆಗಳಲ್ಲಿ ನಾನು ಕಂಡಂತೆ, ಓದದೆಯೇ ‘ಓಕೆ’ ಒತ್ತಿಬಿಡುತ್ತೀರಿ. ಟೀಚರ್ ಬೈದಾರೆಂದು ಯಾರಿಗೂ ಹೇಳುವುದಿಲ್ಲ. ದೊಡ್ಡವರೂ ಹಾಗೆಯೇ ಬಿಡಿ! ಆದರೆ ಪ್ರೋಗ್ರಾಂ ಬರೆದವರಿಗೆ ಅದರ ತಪ್ಪು ತಿಳಿಯುವುದು ಹೇಗೆ?

ಗ್ರೇಸ್ ಹಾಪರ್ ಅವರ ಕಥೆ ಕೇಳಿ. ಅವರು ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ಅಮೆರಿಕದ ನ್ಯೂಯಾರ್ಕ್‌ನಲ್ಲಿ. ಏಳು ವರ್ಷದವರಿದ್ದಾಗ ಅಲಾರಾಂ ಗಡಿಯಾರವೊಂದನ್ನು ಬಿಚ್ಚಿದರು. ಮತ್ತೆ ಜೋಡಿಸಲು ಬರಲಿಲ್ಲ. ನೋಡಿ ಕಲಿಯೋಣವೆಂದು ಇನ್ನೊಂದನ್ನು ಬಿಚ್ಚಿದರು. ಹೀಗೆ ಮನೆಯ ಏಳು ಗಡಿಯಾರಗಳೂ ಬಿಡಿಬಿಡಿಯಾದವು! ಅಮ್ಮ ಆಟ ನಿಲ್ಲಿಸಲಿಲ್ಲ, ಇನ್ನು ಮುಂದೆ ಒಂದೇ ಗಡಿಯಾರ ಎಂದರು.

1934ರಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದು, ಕಾಲೇಜಿನಲ್ಲಿ ಪಾಠ ಹೇಳಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾಪಡೆ ಸೇರಿದರು. 1944ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ‘ಮಾರ್ಕ್ 1’ ಗಣಕಕ್ಕೆ ಪ್ರೋಗ್ರಾಂ ಬರೆಯುವ ಕೆಲಸ ಸಿಕ್ಕಿತು. ಅದರ ಉದ್ದ ಸುಮಾರು 51 ಅಡಿ. ನಿಮ್ಮ ತರಗತಿಯಲ್ಲಿ ಹಿಡಿಸಲಾರದು!

ಮುಂದಿನ ಗಣಕ ‘ಮಾರ್ಕ್ 2’. ಅದರೊಳಗೆ ರಿಲೇ ಎಂಬ ಸ್ವಿಚ್ಚುಗಳಿದ್ದವು. ಲೋಹದ ಎರಡು ತುದಿ ಒಂದಕ್ಕೊಂದು ತಾಗಿದರೆ ವಿದ್ಯುತ್ ಹರಿಯುತ್ತದೆ. 1947ರ ಸೆಪ್ಟೆಂಬರ್ 9ರಂದು ಗಣಕ ತಪ್ಪಿತು. ಹುಡುಕಿದಾಗ ‘ಎಫ್’ ಫಲಕದ 70ನೇ ರಿಲೇಯಲ್ಲಿ ಒಂದು ಪತಂಗ! ಮಳೆಗಾಲದಲ್ಲಿ ನಮ್ಮ ಟ್ಯೂಬ್‌ಲೈಟಿಗೆ ಮುತ್ತುತ್ತವಲ್ಲ, ಅಂಥದ್ದು. ತಂಡದವರು ಅದನ್ನು ಎಸೆಯಲಿಲ್ಲ. ದಿನಚರಿ ಪುಸ್ತಕದಲ್ಲಿ ಟೇಪಿನಿಂದ ಅಂಟಿಸಿ, ವೇಳೆ 3.45 ಎಂದೂ ಎಲ್ಲಿ ಸಿಕ್ಕಿತೆಂದೂ ಬರೆದಿಟ್ಟರು. ಯಂತ್ರದ ದೋಷವನ್ನು ‘ಬಗ್’, ಅಂದರೆ ಹುಳು ಎನ್ನುವ ರೂಢಿ ಮೊದಲೇ ಇತ್ತು. ಇಲ್ಲಿ ನಿಜವಾದ ಹುಳುವೇ ಸಿಕ್ಕಿದ್ದು ತಮಾಷೆ. ಪತಂಗ ಹಿಡಿದವರು ಹಾಪರ್ ಎಂದು ಹಲವೆಡೆ ಓದುತ್ತೀರಿ. ಅವರು ಆ ತಂಡದಲ್ಲಿದ್ದರು, ಕಥೆಯನ್ನು ಜಗತ್ತಿಗೆ ಹೇಳಿದರು, ಅಷ್ಟೇ.

ನೀವೂ ಕಂಪ್ಯೂಟರ್ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿ. ದಿನಾಂಕ, ವೇಳೆ, ಯಾವ ಪ್ರೋಗ್ರಾಂ, ಯಾವ ಗುಂಡಿ ಒತ್ತಿದಿರಿ, ಪರದೆಯ ಮೇಲೆ ಏನು ಬಂತು ಎಂದು ಬರೆಯಿರಿ. ಒತ್ತಿದ ಗುಂಡಿ ಮುಖ್ಯ. ಅದನ್ನೇ ಮತ್ತೆ ಒತ್ತಿ ತಪ್ಪು ಮರಳಿ ಬರುವಂತೆ ಮಾಡಿದರೆ ತಾನೇ ರಿಪೇರಿ ಸಾಧ್ಯ!

ಮನುಷ್ಯರ ಭಾಷೆಗೆ ಹತ್ತಿರವಾದ ಮಾತಿನಲ್ಲಿ ಪ್ರೋಗ್ರಾಂ ಬರೆಯಬಹುದೆಂದು ತೋರಿಸಿದವರು ಹಾಪರ್. 1959ರಲ್ಲಿ ಶುರುವಾದ ಕೋಬಾಲ್ ಭಾಷೆಗೆ ಅವರ ಕೆಲಸವೇ ತಳಹದಿ. 1986ರಲ್ಲಿ, 79ರ ವಯಸ್ಸಿನಲ್ಲಿ, ನೌಕಾಪಡೆಯಿಂದ ನಿವೃತ್ತರಾದರು. 1992ರ ಜನವರಿ 1ರಂದು ತೀರಿಕೊಂಡರು. ಪತಂಗ ಅಂಟಿದ ಆ ಪುಸ್ತಕ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ.